ಒಂದೇ ಸೀಟಿನ ಸರ್ವಿಸ್

ಜನವರಿ 4, 2026, ಭಾನುವಾರ. ಟ್ಯಾಂಪಾ, ಫ್ಲೋರಿಡಾ

ಅಪ್ಪ ಹಾಸನದಿಂದ ಬಂದು ಮೂರು ವಾರ ಆಯ್ತು. ಎಲ್ಲಿಗೆ ಕರೆದುಕೊಂಡು ಹೋದರೂ "ಚೆನ್ನಾಗಿದೆ" ಅಂತಾರೆ, ಅಷ್ಟೇ. ಇವತ್ತು ಕೊಲ್ಲಿಯ ಆಚೆ ದಡದ ಸೇಂಟ್ ಪೀಟರ್ಸ್‌ಬರ್ಗ್ ಊರಿನ ಮ್ಯೂಸಿಯಂನಲ್ಲಿ ಮಾತ್ರ ಆ ಹಾರುವ ದೋಣಿಯ, ಅಂದರೆ ನೀರಿನ ಮೇಲಿಂದಲೇ ಏರಿ ಇಳಿಯುವ ವಿಮಾನದ, ಮಾದರಿ ಬಿಟ್ಟು ಕದಲಲಿಲ್ಲ.

"ಇದ್ರಲ್ಲಿ ಟಿಕೆಟ್ ಕೊಟ್ಟು ಜನ ಕೂರಿಸ್ತಿದ್ರಾ?"

ಹೂಂ ಅಪ್ಪ, 1914ರ ಜನವರಿ 1ರಿಂದ. ಇಲ್ಲಿಂದ ಟ್ಯಾಂಪಾಗೆ ರೈಲು ಕೊಲ್ಲಿ ಸುತ್ತಿಕೊಂಡು ಹೋಗಬೇಕಿತ್ತು. ಸ್ಟೀಮರ್‌ಗೆ ಎರಡು ಗಂಟೆ. ಇದು ಮೊದಲ ದಿನ 23 ನಿಮಿಷಕ್ಕೆ ಟ್ಯಾಂಪಾ ಮುಟ್ಟಿತು. ಪೈಲಟ್ ಟೋನಿ ಜಾನಸ್, ಪಕ್ಕದಲ್ಲಿ ಒಬ್ಬರೇ ಪ್ಯಾಸೆಂಜರ್. ಮೊದಲ ಸೀಟನ್ನು ಊರಿನ ಮಾಜಿ ಮೇಯರ್ ಹರಾಜಿನಲ್ಲಿ 400 ಡಾಲರ್‌ಗೆ ಹಿಡಿದಿದ್ದರು. ಆಮೇಲೆ 5 ಡಾಲರ್. ಆಳು, ಸಾಮಾನು ಸೇರಿ 200 ಪೌಂಡ್ ದಾಟಿದರೆ ಜಾಸ್ತಿ ದುಡ್ಡು.

"ಲಗೇಜ್ ಚಾರ್ಜೂ ಇತ್ತು ಅನ್ನು!" ಅಪ್ಪನ ಮುಖ ಅರಳಿತು. "ಟೈಮಿಂಗ್ಸು?"

ದಿನಕ್ಕೆ ಎರಡು ಸಲ ಹೋಗಿ ಬರೋದು, ವಾರಕ್ಕೆ ಆರು ದಿನ.

"ಹಂಗಿದ್ರೆ ಇದು ಸರ್ವಿಸ್ಸು ಕಣಮ್ಮ. ಹಾರಿಸಿ ತೋರಿಸೋದು ಬೇರೆ. ಒಬ್ನೇ ಪ್ಯಾಸೆಂಜರ್ ಇದ್ರೂ ಟೈಮಿಗೆ ಬಿಡೋದು ಬೇರೆ."

ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಹಳ್ಳಿಯಲ್ಲಿ ನೈಟ್ ಹಾಲ್ಟ್ ಮಾಡಿ, ಬೆಳಿಗ್ಗೆ ಐದೂವರೆಗೆ ಎರಡು ಹಾಲಿನ ಕ್ಯಾನು, ಒಬ್ಬ ಅಜ್ಜಿಯನ್ನು ಹತ್ತಿಸಿಕೊಂಡು ಹೊರಟವರು. ವೇಳಾಪಟ್ಟಿ ಹಾಕಿ ವಿಮಾನ ಓಡಿಸಿದ ಮೊದಲ ಕಂಪನಿ ಇದೇ ಅಂತ ಬಂದ ನೆಂಟರಿಗೆಲ್ಲ ನಾನೇ ಹೇಳಿದ್ದೇನೆ. ಅದರಲ್ಲಿ ವೇಳಾಪಟ್ಟಿಯೇ ದೊಡ್ಡದು ಅಂತ ಇವತ್ತೇ ಹೊಳೆದದ್ದು.

ಓಡಿದ್ದು ನಾಲ್ಕೇ ತಿಂಗಳು. 1,200 ಜನರಷ್ಟು ಓಡಾಡಿದರು. ಚಳಿಗಾಲಕ್ಕೆ ಬಂದಿದ್ದ ಪ್ರವಾಸಿಗರು ಊರಿಗೆ ಹೊರಟ ಮೇಲೆ ಸೀಟು ಖಾಲಿ, ಮೇ ಹೊತ್ತಿಗೆ ನಿಂತಿತು.

"ಕಲೆಕ್ಷನ್ ಬರ್ಲಿಲ್ಲ, ರೂಟ್ ತೆಗೆದ್ರು" ಅಂದರು ಅಪ್ಪ. ಆ ಐದೂವರೆ ಬಸ್ಸನ್ನೂ ಹಾಗೇ ತೆಗೆದಿದ್ದರು. ಸೇತುವೆ ಮೇಲೆ ವಾಪಸ್ ಬರುವಾಗ ದಾರಿಯುದ್ದಕ್ಕೂ ನೀರನ್ನೇ ನೋಡುತ್ತಿದ್ದರು.

ಜಾನಸ್ 1916ರಲ್ಲೇ ಕಪ್ಪು ಸಮುದ್ರದಲ್ಲಿ ವಿಮಾನ ಬಿದ್ದು ತೀರಿಕೊಂಡ. ಬರೀ 27 ವಯಸ್ಸು. ಅಪ್ಪನಿಗೆ ಅದನ್ನು ಹೇಳಲಿಲ್ಲ.

ಈಗ ಹಾಲ್‌ನಲ್ಲಿ ಇನ್ನೂ ಲೈಟ್ ಉರಿಯುತ್ತಿದೆ. ಮ್ಯೂಸಿಯಂ ಚೀಟಿಯ ಹಿಂದೆ, ಕಂಡಕ್ಟರ್ ಟ್ರಿಪ್ ಲೆಕ್ಕ ಬರೆಯುವ ವೇಬಿಲ್ ಥರ, ಗೆರೆ ಹಾಕಿಕೊಂಡಿದ್ದಾರೆ. ಹೊರಟದ್ದು 10.00. ತಲುಪಿದ್ದು 10.23. ಪ್ಯಾಸೆಂಜರ್ 1. ಕೆಳಗೆ ಇನ್ನೊಂದು ಸಾಲು ಖಾಲಿ ಬಿಟ್ಟಿದ್ದಾರೆ, ವಾಪಸ್ ಟ್ರಿಪ್‌ಗೆ ಇರಬೇಕು