ಪವಾಡ ಆಗೇತೇನು ಅಂತ ಕೇಳವ್ರಿಗೆ
ಇಷ್ಟು ವರ್ಷ ಪ್ರಾರ್ಥನಾ ಮಾಡ್ತೀರಿ, ನಿಮ್ಮನ್ಯಾಗ ಏನರ ಪವಾಡ ಆಗೇತೇನು ಅಂತ ಕೇಳ್ತಾರ. ಇಲ್ರಿ, ಆಗಿಲ್ಲ. ನಮ್ಮವ್ವನ ಮಂಡಿನೋವು ಹೋಗಿಲ್ಲ, ಚರ್ಚ್‌ನ್ಯಾಗ ಎಲ್ಲಾರೂ ಮಣಕಾಲೂರಿದಾಗ ಆಕಿ ಮುಂದಿನ ಬೆಂಚು ಹಿಡ್ಕೊಂಡು ತಲಿ ಬಗ್ಗಿಸಿ ಕುಂದರ್ತಾಳ, ಆದ್ರೂ ಐತವಾರ ತಪ್ಪಸಂಗಿಲ್ಲ, ಆರಾಧನಿ ಮುಗದ ಮ್ಯಾಲೆ ಹುಬ್ಬಳ್ಳಿ ಕಿಮ್ಸ್‌ನ್ಯಾಗ ಗುರ್ತಿನವ್ರು ಯಾರರ ಅಡ್ಮಿಟ್ ಆಗಿದ್ರ ಡಬ್ಬ್ಯಾಗ ರೊಟ್ಟಿ ಪಲ್ಯ ಕಟ್ಕೊಂಡು ಬಸ್ ಹತ್ತತಾಳ. ನನಗ ಇದಕ್ಕಿಂತ ದೊಡ್ಡ ಸಾಕ್ಷಿ ಬ್ಯಾಡ.

ಯೇಸುವಿನ ಸೇವಕ ಪೌಲನೂ ಶರೀರದಾಗಿನ ಮುಳ್ಳು (ಅಂದ್ರ ಆಂವಗ ಕಾಡ್ತಿದ್ದ ಬಾಧಿ) ತಗೀಯಪ್ಪಾ ಅಂತ ದೇವರಿಗೆ ಮೂರು ಸಲ ಬೇಡ್ಕೊಂಡ, ಬೈಬಲ್‌ನ್ಯಾಗ 2 ಕೊರಿಂಥ 12ನೇ ಅಧ್ಯಾಯದಾಗ ಐತಿ ನೋಡ್ರಿ, ಮುಳ್ಳು ಹೋಗ್ಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನೋ ಮಾತಷ್ಟ ಸಿಕ್ತು, ಆಂವ ಅದನ್ನ ಹಿಡ್ಕೊಂಡು ಊರೂರು ಸುವಾರ್ತಿ ಸಾರಿದ. ಆಕಾಶದಿಂದ ಗುರುತು ತೋರ್ಸು ಅಂದ ಫರಿಸಾಯರಿಗೆ, ಅಂದ್ರ ಧರ್ಮದ ಕಟ್ಟಳಿ ಬಿಗಿಯಾಗಿ ಹಿಡಿದಿದ್ದ ಯೆಹೂದಿ ಪಂಗಡದವ್ರಿಗೆ, ಯೇಸು ತೋರ್ಸಲೇ ಇಲ್ಲ, ನಿಟ್ಟುಸಿರು ಬಿಟ್ಟು ದೋಣಿ ಹತ್ತಿ ಆಚಿ ದಂಡಿಗೆ ಹೋದ (ಮಾರ್ಕ 8).

ಪವಾಡ ಆಗೂದಿಲ್ಲ ಅನ್ನಂಗಿಲ್ಲ ನಾ, ಆದವ್ರಿಗೆ ಆಗಿರ್ತಾವ, ಸಂತೋಷ. ಆದ್ರ ನಿನ್ನ ನಂಬಿಕಿ ಕಮ್ಮಿ, ಅದಕ್ಕ ವಾಸಿ ಆಗವಲ್ದು ಅಂತ ಹಾಸಿಗ್ಯಾಗ ಬಿದ್ದವ್ರಿಗೇ ಹೇಳಿ ಹೋಗ್ತಾರಲ್ಲ, ಅವ್ರ ಮ್ಯಾಲೆ ನನಗ ಭಾಳ ಸಿಟ್ಟು ಬರ್ತೈತ್ರಿ.