ಇನ್ನೂರು ರೂಪಾಯಿ

ಸರ್ಕಾರಿ ಆಫೀಸಲ್ಲಿ ಇಲ್ಲದವ್ರಿಗೆ ಇದು ಗೊತ್ತಿರಲ್ಲ, ನಮ್ಮಲ್ಲಿ ಬೆಳಿಗ್ಗೆ ಹಾಜರಾತಿ ಪುಸ್ತಕದ ಪಕ್ಕದಲ್ಲೇ ನಗದು ಘೋಷಣಾ ವಹಿ ಅಂತ ಇನ್ನೊಂದು ಪುಸ್ತಕ ಇರುತ್ತೆ. ಇವತ್ತು ನನ್ನ ಹತ್ರ ಇಷ್ಟು ದುಡ್ಡಿದೆ ಅಂತ ಬರೆದು ಸೈನ್ ಮಾಡ್ಬೇಕು. ಸಂಜೆ ಯಾರಾದ್ರೂ ತಪಾಸಣೆಗೆ ಬಂದು ಜೇಬು ನೋಡಿದಾಗ ಜಾಸ್ತಿ ಸಿಕ್ಕಿದ್ರೆ ಅದು ಎಲ್ಲಿಂದ ಬಂತು ಅಂತ ಕೇಳೋಕೆ ಇರೋದು ಅದು. ಆದ್ರೆ ನಿಜ ಹೇಳ್ಬೇಕು ಅಂದ್ರೆ ಪರ್ಸ್ ತೆಗೆದು ಎಣಿಸಿ ಬರೆಯೋರು ಯಾರೂ ಇಲ್ಲ. ನಾನು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ಸೇರಿದಾಗಿಂದ ದಿನಾ 200 ಅಂತ್ಲೇ ಬರೀತಿದ್ದೆ, ನನ್ನ ಮೇಲಿನ ಸಾಲಿನವರು 100, ಕೆಳಗಿನವರು 150, ವರ್ಷಗಟ್ಲೆ ಅದೇ, ತರಕಾರಿ ರೇಟು ಏರಿದ್ರೂ ನಮ್ಮ ಜೇಬು ಮಾತ್ರ ಏರಲೇ ಇಲ್ಲ.

ಒಂದು ವರ್ಷದ ಹಿಂದಿನ ಮಾತು. ನಮ್ಮ ಸೆಕ್ಷನ್ನಲ್ಲೇ ಇರೋ ಒಬ್ರು ಅಕ್ಕ ಚೀಟಿ ನಡೆಸ್ತಾರೆ. 20 ಜನ, ತಿಂಗಳಿಗೆ 1000, ಊಟದ ಟೈಮಲ್ಲಿ ರೆಕಾರ್ಡ್ ರೂಮಿನಲ್ಲಿ ಕೂಗೋದು. ಮಗಳ ಫೀಸ್ ಕಟ್ಟೋದಿತ್ತು ಅಂತ ಆ ತಿಂಗಳು ನಾನೇ 2400 ಬಿಟ್ಟು ಕೂಗಿ ಎತ್ತಿದೆ, 17,600 ಕೈಗೆ ಬಂತು. ರಬ್ಬರ್ ಬ್ಯಾಂಡ್ ಹಾಕಿ ಟಿಫಿನ್ ಬಾಕ್ಸಿನ ಬ್ಯಾಗಲ್ಲಿ ಇಟ್ಕೊಂಡು ಬಂದು ಸೀಟಲ್ಲಿ ಕೂತೆ. ಮೂರು ಗಂಟೆಗೆ ಜಿಲ್ಲಾ ಕಚೇರಿಯಿಂದ ಸಾಹೇಬ್ರು ಬಂದ್ರು, ಮುಂಚೆ ಫೋನು ಗೀನು ಏನೂ ಇಲ್ಲ, ನೇರವಾಗಿ ವಹಿ ತರಿಸಿ ಒಬ್ಬೊಬ್ರನ್ನೇ ಕರೆದು ಬ್ಯಾಗ್ ತೆಗೀರಿ ಅಂದ್ರು.

ಮೊಸರನ್ನದ ಡಬ್ಬಿ ಪಕ್ಕದಿಂದ ಆ ಕಟ್ಟು ಹೊರಗೆ ಬಂದಾಗ ನನಗೆ ಕಾಲೇ ನಿಲ್ಲಲಿಲ್ಲ. ಒಟ್ಟು 17,800. ವಹಿಯಲ್ಲಿ 200. ಸಾಹೇಬ್ರು ಬೈಲಿಲ್ಲ, ಕೂಗಾಡಲಿಲ್ಲ, ಎರಡು ಸಲ ಎಣಿಸಿ ಮಹಜರಿಗೆ ಸೈನ್ ಹಾಕಿಸ್ಕೊಂಡು ದುಡ್ಡು ವಾಪಸ್ ಕೊಟ್ರು. ಅಕ್ಕನ ಕಡೆ ನೋಡಿದೆ, ಅವರು ಕಂಪ್ಯೂಟರ್ ಪರದೆ ಬಿಟ್ಟು ಕಣ್ಣೆತ್ತಲಿಲ್ಲ.

ನಾಲ್ಕು ದಿನಕ್ಕೆ ಕಾರಣ ಕೇಳಿ ನೋಟಿಸ್ ಬಂತು, 7 ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು, ತಪ್ಪಿದಲ್ಲಿ ಶಿಸ್ತು ಕ್ರಮ. "ಸರ್ಕಾರಿ ನೌಕರರಿಗೆ ತರವಲ್ಲದ ರೀತಿಯಲ್ಲಿ ವರ್ತಿಸಿರುತ್ತೀರಿ" ಅನ್ನೋ ಸಾಲು ಓದಿ ಓದಿ ಬಾಯಿಪಾಠ ಆಗೋಯ್ತು. ಇಂಥ ಸಾಲನ್ನ ಬೇರೆಯವರಿಗೆ ಎಷ್ಟೋ ಸಲ ನಾನೇ ಟೈಪ್ ಮಾಡಿ ಕೊಟ್ಟಿದೀನಿ, ಆವಾಗ ಏನೂ ಅನ್ಸಿರಲಿಲ್ಲ.

ರಾತ್ರಿ ಕೂತು ಮೂರು ಪುಟ ಉತ್ತರ ಬರೆದೆ, ಮನೆ ಕಷ್ಟ, ಮಗಳ ಫೀಸು, ನನ್ನ ಪ್ರಾಮಾಣಿಕತೆ ಎಲ್ಲ. ಅದನ್ನ ತಗೊಂಡು ರಿಟೈರ್ ಆಗಿರೋ ನಮ್ಮ ಹಳೇ ಸೂಪರಿಂಟೆಂಡೆಂಟ್ ಸರ್ ಮನೆಗೆ ಹೋದೆ. ಅವ್ರ ಹತ್ರ 1957ರ ಸಿಸಿಎ ರೂಲ್ಸ್ (ಸರ್ಕಾರಿ ನೌಕರರ ಶಿಸ್ತು ಕ್ರಮದ ನಿಯಮಗಳು) ಪುಸ್ತಕ ಇದೆ, ಬೈಂಡು ಕಿತ್ತು ಹೋಗಿದೆ, ಅಲ್ಲಲ್ಲಿ ಬಸ್ ಟಿಕೆಟ್ ಇಟ್ಟಿದಾರೆ. ನನ್ನ ಮೂರು ಪುಟ ಓದಿ, "ನೋಡಮ್ಮಾ, ಅಳೋದಿದ್ರೆ ಮನೇಲಿ ಅಳು, ಇದ್ರಲ್ಲಿ ಬೇಡ" ಅಂತ ಮಡಚಿ ಇಟ್ರು.

ಆಮೇಲೆ ಬಿಡಿಸಿ ಹೇಳಿದ್ರು. ದಂಡನೆಗಳೆಲ್ಲ 8ನೇ ನಿಯಮದಲ್ಲಿವೆ, ವಾಗ್ದಂಡನೆ, ಇನ್‌ಕ್ರಿಮೆಂಟ್ ತಡೆಯಿಂದ ಹಿಡಿದು ಡಿಸ್ಮಿಸ್ ತನಕ. ಸಣ್ಣ ದಂಡನೆಗೆ 12ನೇ ನಿಯಮ, ಉತ್ತರ ತಗೊಂಡು ಅಲ್ಲೇ ಮುಗಿಸಬಹುದು. 11ನೇ ನಿಯಮಕ್ಕೆ ಹೋದ್ರೆ ಮಾತ್ರ ದೋಷಾರೋಪಣ ಪಟ್ಟಿ, ವಿಚಾರಣಾಧಿಕಾರಿ, ಮಂಡನಾಧಿಕಾರಿ, ಸಾಕ್ಷಿ ಅಂತ ವರ್ಷಗಟ್ಲೆ ಎಳೀತಾರೆ, ಅಷ್ಟು ದಿನ ಪ್ರಮೋಷನ್ ಮರ್ತುಬಿಡು. "ಬರೀ ಎಚ್ಚರಿಕೆ ಕೊಟ್ರೆ ಅದು ದಂಡನೇನೇ ಅಲ್ಲ, ಪಟ್ಟಿಯಲ್ಲೇ ಇಲ್ಲ. ನೀನು ಬೇಡ್ಕೋಬೇಕಾಗಿರೋದು ಅದನ್ನ."

ಸರಿ ಸರ್, ಚೀಟಿ ದುಡ್ಡು ಅಂತ ಇದ್ದಿದ್ದು ಇದ್ದಂಗೆ ಬರೆದುಬಿಡ್ತೀನಿ ಅಂದೆ.

"ಚೀಟಿ ನಡೆಸೋರು ಯಾರು?"

ಹೇಳಿದೆ. ಅವರು ಕನ್ನಡಕ ತೆಗೆದ್ರು. 1966ರ ನಡತೆ ನಿಯಮದಲ್ಲೂ ಇತ್ತು, ಅದರ ಜಾಗಕ್ಕೆ ಬಂದ 2021ರದ್ದರಲ್ಲೂ ಇದೆ, ನೌಕರರು ಅನುಮತಿ ಇಲ್ದೆ ಖಾಸಗಿ ವ್ಯವಹಾರ ಮಾಡಂಗಿಲ್ಲ. ಅದ್ರಲ್ಲೂ ನೋಂದಣಿ ಇಲ್ಲದ ಚೀಟಿ, ಆಫೀಸೊಳಗೆ, ಆಫೀಸ್ ಟೈಮಲ್ಲಿ. ನಾನು ನಿಜ ಬರೆದ್ರೆ ಆ ಅಕ್ಕಂಗೆ ಸಸ್ಪೆನ್ಷನ್ ಆದ್ರೂ ಆಗಬಹುದು, ಹಾಗಾದ್ರೆ ಮೊದಲ ಆರು ತಿಂಗಳು ಅರ್ಧ ಸಂಬಳ, ಅವ್ರ ಗಂಡಂಗೆ ಡಯಾಲಿಸಿಸ್ ನಡೀತಿದೆ. ಚೀಟಿ ಹಾಕಿದ 20 ಜನಾನೂ ಒಂದೊಂದು ನೋಟಿಸ್ ತಗೋಬೇಕು.

"ಬೆಳಿಗ್ಗೆ ಮನೆಯಿಂದ ತಂದಿದ್ದೆ, ವಹಿಯಲ್ಲಿ ಬರೆಯೋದು ಮರೆತೆ ಅಂತ ಬರೆದ್ರೆ ನಿನ್ನೊಬ್ಬಳದೇ ತಪ್ಪು, ಸಣ್ಣದು," ಅಂದ್ರು. ಬರಿ ಅಂತ ಹೇಳಲಿಲ್ಲ, ಅದನ್ನ ನಾನು ಹೇಳ್ಲೇಬೇಕು. ಕಾಫಿ ತರ್ತೀನಿ ಅಂತ ಎದ್ದು ಒಳಗೆ ಹೋದ್ರು.

ಎರಡು ದಿನ ಒದ್ದಾಡಿದೆ. ಅಕ್ಕ ಒಂದು ಸಲ ಬಂದು ನಿಂತ್ರು, ಏನೂ ಹೇಳದೆ ಹೋದ್ರು. ಐದನೇ ದಿನ ಒಂದೇ ಪುಟ ಕೊಟ್ಟೆ. ಸದರಿ ಹಣ ನನ್ನ ಮನೆಯ ಉಳಿತಾಯದ್ದು, ಮಗಳ ಶಾಲಾ ಶುಲ್ಕಕ್ಕೆಂದು ಮನೆಯಿಂದ ತಂದಿದ್ದು, ಕಣ್ತಪ್ಪಿನಿಂದ ವಹಿಯಲ್ಲಿ ನಮೂದಿಸಿರುವುದಿಲ್ಲ, ಇನ್ನು ಮುಂದೆ ಎಚ್ಚರ ವಹಿಸುತ್ತೇನೆ. ಜೊತೆಗೆ ಮಾರನೇ ದಿನ ಫೀಸ್ ಕಟ್ಟಿದ ರಸೀದಿ ಇಟ್ಟೆ. ಉಳಿತಾಯ ಅನ್ನೋದು ನಿಜಾನೇ, ಮನೆಯಿಂದ ತಂದೆ ಅನ್ನೋದು ಸುಳ್ಳು.

ತಮಾಷೆ ಏನಪ್ಪ ಅಂದ್ರೆ, ಅವತ್ತು ಬೆಳಿಗ್ಗೆ ನನ್ನ ಪರ್ಸಲ್ಲಿ ನಿಜವಾಗ್ಲೂ ನೂರರ ಎರಡೇ ನೋಟು ಇದ್ದಿದ್ದು. ಇಷ್ಟು ವರ್ಷದ ಸರ್ವೀಸಲ್ಲಿ ಆ ಪುಸ್ತಕದಲ್ಲಿ ನಾನು ಸರಿಯಾಗಿ ಬರೆದ ದಿನ ಅದೊಂದೇ ಇರಬೇಕು, ಅದನ್ನೇ ತಪ್ಪಾಗಿ ಬರೆದೆ ಅಂತ ಒಪ್ಕೊಂಡು ಸೈನ್ ಹಾಕಿದೀನಿ.

ಒಂದೂವರೆ ತಿಂಗಳಿಗೆ ಮೆಮೋ ಬಂತು, "ಎಚ್ಚರಿಕೆ ನೀಡಿ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ". ಸರ್‌ಗೆ ಫೋನ್ ಮಾಡಿದೆ, ಹ್ಞೂಂ ಅಂದ್ರು ಅಷ್ಟೇ. ಈಗ ನಾನು ದಿನಾ ಎಣಿಸಿಯೇ ಬರೀತೀನಿ, 340, 85, ಒಂದಿನ 1,112, ಹಿಂದೆ ನಿಂತೋರು ಬೇಗ ಮಾಡಿ ಮೇಡಂ ಅಂತಾರೆ. ಚೀಟಿ ನಿಂತಿಲ್ಲ. ನಾಲ್ಕನೇ ಶನಿವಾರ ರಜ ಅಲ್ವಾ, ಅಕ್ಕನ ಮನೇಲೇ ಕೂಗ್ತಾರೆ, ನನ್ನದಿನ್ನೂ ಮೂರು ಕಂತು ಬಾಕಿ ಇದೆ.