ಕಕ್ಕಡದ ಮಳೆಯಲ್ಲಿ ಭೀಮನ ಜ್ವರ

ಕೊಡವರ ಲೆಕ್ಕದ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3. ಅವತ್ತು ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ಆಗಲೇಬೇಕು. ಸೊಪ್ಪು ಕುದಿಸಿದರೆ ನೀರು ನೇರಳೆಯಾಗುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನಹಾಲು. ಅವತ್ತಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ಹಿರಿಯರ ನಂಬಿಕೆ. ತಿಂದವರಿಗೆ ಆಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಬೇರೆ ಊರಿಂದ ಬಂದ ನೆಂಟರು ಗಾಬರಿಯಾಗುವುದು, ಮನೆಯವರು ನಗುವುದು ವರ್ಷವರ್ಷವೂ ಇದ್ದದ್ದೇ.

ಹಾಗಾಗಿ ಮಾರನೇ ದಿನ ಬೆಳಿಗ್ಗೆ ಕಾಫಿ ಕಣದ ಅಂಚಿನಲ್ಲಿ ನಮ್ಮ ನಾಯಿ ಭೀಮ ಕಾಲೆತ್ತಿದಾಗ ತೋಟದ ರೈಟರ್ ನಕ್ಕರು. "ಏನಣ್ಣಾ, ಇವನಿಗೂ ಪಾಯಸ ಹಾಕಿದ್ರಾ?"

ನನಗೆ ನಗು ಬರಲಿಲ್ಲ. ಭೀಮನಿಗೆ ಸಿಹಿ ಹಾಕುವುದಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸಿಮೆಂಟಿನ ಮೇಲೆ ಬಿದ್ದಿದ್ದು ಪಾಯಸದ ಕೆಂಪೂ ಅಲ್ಲ, ಡಿಕಾಕ್ಷನ್ ಚೆಲ್ಲಿದ ಹಾಗಿತ್ತು. ಹಿಂದಿನ ರಾತ್ರಿ ಅವನು ಊಟ ಅರ್ಧಕ್ಕೆ ಬಿಟ್ಟಿದ್ದ. ರಾಟ್‌ವೀಲರ್ ತಟ್ಟೆಯಲ್ಲಿ ಊಟ ಉಳಿಸಿದರೆ ಅದು ಸುಮ್ನೆ ಅಲ್ಲ.

ಭೀಮ 52 ಕೆಜಿ ಇದ್ದಾನೆ. ಇವನ ಮೂಲದವರು ಜರ್ಮನಿಯ ರಾಟ್‌ವೈಲ್ ಊರಿನ ಕಡೆ ದನ ಹೊಡೆಯುವುದಕ್ಕೆ, ಮಾಂಸದ ವ್ಯಾಪಾರಿಗಳ ಗಾಡಿ ಎಳೆಯುವುದಕ್ಕೆ ಇದ್ದ ನಾಯಿಗಳು. ಆ ಬುದ್ಧಿ ಇನ್ನೂ ಹೋಗಿಲ್ಲ. ಪ್ರೀತಿ ಬಂದರೂ ಮೈಯಿಂದ ತಳ್ಳುತ್ತಾನೆ, ಬೇಡ ಅನಿಸಿದರೂ ಮೈಯಿಂದ ತಳ್ಳುತ್ತಾನೆ. ಇಂಥವನನ್ನು ಬೆಲ್ಟ್ ಎಳೆದು ನಿಲ್ಲಿಸುತ್ತೇನೆ ಅಂದುಕೊಳ್ಳುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಕಾಫಿ ಮೂಟೆ ಹೊರುವ ಆಳೇ ಇವನನ್ನು ಬಲದಿಂದ ಹಿಡಿಯಲಾರ. ಅವನಾಗೇ ನಿಲ್ಲಬೇಕು, ಅಷ್ಟೇ. ಅದಕ್ಕೇ ಮರಿ ಇದ್ದಾಗಿನಿಂದ ನಾವು ಕಲಿಸಿದ್ದರಲ್ಲಿ ಮುಕ್ಕಾಲು ಪಾಲು ಸುಮ್ಮನಿರುವುದನ್ನೇ.

ಮಳೆಗಾಲದಲ್ಲಿ ತೋಟ ಸುತ್ತಿ ಬಂದ ಮೇಲೆ ಕಾಲ್ಬೆರಳ ಸಂದಿ, ಕಿವಿಯ ಒಳಗೆ, ಬೆಲ್ಟಿನ ಕೆಳಗೆ, ಬಾಲದ ಬುಡ ಎಲ್ಲ ತಡವಿ ನೋಡುವುದು ನಮ್ಮ ರೂಢಿ. ಜಿಗಣೆ ಕಣ್ಣಿಗೆ ಬೀಳುತ್ತದೆ, ಕಿತ್ತು ಹಾಕಬಹುದು. ಉಣುಗು ಹಾಗಲ್ಲ. ಎಳ್ಳಿನಷ್ಟು ಚಿಕ್ಕದಿದ್ದಾಗ ಕಪ್ಪು ಕೂದಲಲ್ಲಿ ಕಾಣುವುದೇ ಇಲ್ಲ. ತೋಟದಲ್ಲಿ ನಾಯಿ ಸಾಕಿದವರಿಗೆಲ್ಲ ಉಣುಗಿನ ಜ್ವರ ಪರಿಚಯದ ಮಾತು. ಅದರಲ್ಲೂ ಒಂದೇ ಥರ ಇಲ್ಲ. ಒಂದರಲ್ಲಿ ರಕ್ತದ ಪ್ಲೇಟ್‌ಲೆಟ್ ಕುಸಿದು ಮೂಗಿನಲ್ಲಿ ರಕ್ತ ಬರಬಹುದು. ಇನ್ನೊಂದರ ಹೆಸರು ಬೆಬೀಸಿಯ. ಅದರ ಪರಾವಲಂಬಿ ಕೆಂಪು ರಕ್ತಕಣದ ಒಳಗೆ ಹೊಕ್ಕು ಅದನ್ನೇ ಒಡೆಯುತ್ತದೆ. ಒಡೆದ ಕಣದ ಬಣ್ಣವೇ ಮೂತ್ರದಲ್ಲಿ ಇಳಿಯುವುದು.

ತುಟಿ ಎತ್ತಿ ನೋಡಿದೆ. ವಸಡು ಬಿಳಿಚಿತ್ತು. ಥರ್ಮಾಮೀಟರ್ 104.6 ತೋರಿಸಿತು. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. "ಜ್ವರದ ಮಾತ್ರೆ ಒಂದು ಕೊಟ್ಟು ನೋಡು, ಮಳೆ ಕಮ್ಮಿ ಆದ ಮೇಲೆ ಹೋಗು" ಎಂದರು ಅವ್ವ. ಮನುಷ್ಯರ ಜ್ವರ, ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಹುದು ಅಂತ ಹೇಳಿ ಜೀಪ್ ತೆಗೆದೆ.

ಜೀಪಿನ ಹಿಂದೆ ಒಂದು ಹಲಗೆ ಯಾವಾಗಲೂ ಇರುತ್ತದೆ, ಮೇಲೆ ಗೋಣಿ ಹೊಡೆದಿದ್ದೇವೆ. ಈ ತಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ, ಅದಕ್ಕೆ ಎತ್ತರದಿಂದ ಹಾರಲು ಬಿಡುವುದಿಲ್ಲ. ಬೇರೆ ದಿನ ಒಂದೇ ಉಸಿರಿಗೆ ಹತ್ತುವವನು ಅವತ್ತು ಹಲಗೆಯ ನಡುವೆ ನಿಂತು ಉಸಿರು ತೆಗೆದುಕೊಂಡ.

ಗೋಣಿಕೊಪ್ಪಲಿನ ಪಶುವೈದ್ಯರ ಷೆಡ್‌ನಲ್ಲಿ ಆಗಲೇ ಜನ ಇದ್ದರು. ಒಂದು ಹಸು, ಎರಡು ಬೀಗಲ್, ಮಡಿಲಲ್ಲಿ ಬೆಕ್ಕು ಇಟ್ಟುಕೊಂಡ ಒಬ್ಬ ಹುಡುಗ. ಇಳಿಸುವ ಮೊದಲೇ ಭೀಮನಿಗೆ ಬಾಯಿಕುಕ್ಕೆ ಹಾಕಿದೆ. ಹಾಕಿದೆ ಅನ್ನುವುದಕ್ಕಿಂತ ಹಿಡಿದೆ ಅನ್ನಬೇಕು, ಮೂತಿ ತೂರಿಸುವುದು ಅವನೇ. ಎಷ್ಟೋ ತಿಂಗಳು ಅದರ ತಳದಲ್ಲಿ ಬೇಯಿಸಿದ ಈಲಿ (ಲಿವರ್) ಇಟ್ಟು ರೂಢಿ ಮಾಡಿಸಿದ್ದೇವೆ. ಬುಟ್ಟಿಯ ಥರದ್ದೇ ಬೇಕು. ಅದರೊಳಗೆ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಟ್ಟೆಯದ್ದು ಬಾಯಿ ಕಟ್ಟಿಬಿಡುತ್ತದೆ, ಜ್ವರ ಬಂದ ನಾಯಿಗೆ ಅದು ಅಪಾಯ.

ಕುಕ್ಕೆ ನೋಡಿದ ಬೀಗಲ್ ಯಜಮಾನರು ಕಾಲು ಒಳಗೆಳೆದುಕೊಂಡರು. "ಇದು ಬ್ಯಾನ್ ಆಗಿರೋ ನಾಯಿ ಅಲ್ವಾ?"

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು, ಅದರಲ್ಲಿ ರಾಟ್‌ವೀಲರ್ ಇತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮೊದಲಿನ ಸುದ್ದಿ ಎಲ್ಲರಿಗೂ ತಲುಪಿದೆ, ಎರಡನೆಯದು ಯಾರಿಗೂ ತಲುಪಿಲ್ಲ. ಹೇಳಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಅವರ ಭಯವೂ ಸುಳ್ಳಲ್ಲ. ಹಗಲೆಲ್ಲ ಸಂಕೋಲೆಯಲ್ಲಿ ಕಟ್ಟಿ, ರಾತ್ರಿ ತೋಟಕ್ಕೆ ಬಿಡುವ ದೊಡ್ಡ ನಾಯಿಗಳನ್ನು ನಾನೂ ಕಂಡಿದ್ದೇನೆ. ಮನುಷ್ಯರನ್ನು ದೂರದಿಂದಲೇ ನೋಡಿ ಬೆಳೆದ ನಾಯಿ, ಮನುಷ್ಯರು ಹತ್ತಿರ ಬಂದಾಗ ಇನ್ನೇನು ಮಾಡೀತು?

ಡಾಕ್ಟರು ಕಿವಿಯ ಅಂಚಿಗೆ ಸೂಜಿ ತಾಗಿಸಿ ಒಂದು ಹನಿ ರಕ್ತ ತೆಗೆದರು. ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಆಮೇಲೆ ನನ್ನನ್ನೂ ಕರೆದು ತೋರಿಸಿದರು. ದುಂಡಗಿನ ಕಣದೊಳಗೆ ಜೋಡಿಯಾಗಿ ಕೂತ ಎರಡು ಸಣ್ಣ ನೇರಳೆ ಹನಿಗಳು. ಬೆಬೀಸಿಯವೇ.

"ಇಮಿಡೋಕಾರ್ಬ್ ಕೊಡ್ಬೇಕು. ಮಾಂಸಕ್ಕೆ ಹೋಗುವ ಇಂಜೆಕ್ಷನ್. ಚೆನ್ನಾಗಿ ನೋಯುತ್ತೆ. ಹಿಡಿಯೋಕೆ ಎಷ್ಟು ಜನ ಬೇಕು?" ಅಂದರು.

"ಯಾರೂ ಬೇಡ ಡಾಕ್ಟ್ರೇ. ಅವನು ಗದ್ದ ಎತ್ತಿದರೆ ಮಾತ್ರ ನಿಲ್ಲಿಸಿ."

ಅವರ ಸಹಾಯಕ ಬಾಗಿಲ ಹಿಂದೆ ಸರಿದ. ನಾನು ಸ್ಟೂಲಿನ ಮೇಲೆ ಕೂತು ಅಂಗೈ ಚಾಚಿದೆ. ಭೀಮ ಕುಕ್ಕೆ ಸಮೇತ ಗದ್ದ ತಂದು ಅದರ ಮೇಲಿಟ್ಟ. ಇದು ನಮ್ಮಿಬ್ಬರ ಕರಾರು. ಗದ್ದ ಅಲ್ಲಿರುವಷ್ಟು ಹೊತ್ತು ನಾವು ಉಗುರು ಕತ್ತರಿಸಬಹುದು, ಕಿವಿ ಒರೆಸಬಹುದು. ಎತ್ತಿದರೆ ಕೈ ತೆಗೆಯಬೇಕು. ಮನೆಯಲ್ಲಿ ನಾವು ಒಂದು ಸಲವೂ ಇದಕ್ಕೆ ತಪ್ಪಿಲ್ಲ, ಹಾಗಾಗಿ ಅವನಿಗೂ ನಂಬಿಕೆ. ತೊಡೆಗೆ ಸ್ಪಿರಿಟ್ ಸವರಿದಾಗ ಗದ್ದ ಎತ್ತಿದ. ಡಾಕ್ಟರು ಕೈ ಹಿಂದಕ್ಕೆ ತೆಗೆದು ಕಾದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಕಾದರು, ಅದು ದೊಡ್ಡ ಗುಣ. ಭೀಮ ನನ್ನ ಮುಖ ನೋಡಿದ. ಮತ್ತೆ ಗದ್ದ ಇಟ್ಟ. ಸೂಜಿ ಹೋಯಿತು. ಹಿಂಗಾಲು ಪೂರ್ತಿ ನಡುಗಿತು, ಗಂಟಲಲ್ಲಿ ಒಂದು ಗುರ್ ಶಬ್ದ ಬಂತು. ಅಂಗೈ ಮೇಲಿನ ಭಾರ ಮಾತ್ರ ಹಾಗೇ ಇತ್ತು.

ಆ ಮದ್ದಿಗೆ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ವಾಪಸ್ ಬರುವಾಗ ಜೀಪಿನ ಸೀಟು, ನನ್ನ ಹೆಗಲು ಎಲ್ಲ ಒದ್ದೆ. ರಾತ್ರಿಗೆ ಸ್ವಲ್ಪ ಗಂಜಿ ನೆಕ್ಕಿದ. ಜ್ವರ ಇಳಿದು, ಮೂತ್ರದ ಬಣ್ಣ ತಿಳಿಯಾಗುವವರೆಗೆ ಮನೆಯಲ್ಲಿ ಎಲ್ಲರಿಗೂ ಅವನ ಹಿಂದೆ ಓಡಿ ನೋಡುವುದೇ ಕೆಲಸ. ಅವ್ವ ಕೊಡೆ ಹಿಡಿದುಕೊಂಡು ಹೋಗಿ ನೋಡಿಬರುತ್ತಿದ್ದರು.

14 ದಿನ ಬಿಟ್ಟು ಎರಡನೇ ಇಂಜೆಕ್ಷನ್ ಇತ್ತು. ಅಷ್ಟರಲ್ಲಿ ಭೀಮನಿಗೆ ಬಲ ಬಂದಿತ್ತು. ಬಾಗಿಲ ಹತ್ತಿರ ಜಾಗ ಗುರುತಿಸಿ, ನನ್ನ ಮೊಣಕಾಲಿಗೆ ಒರಗಿ ಒಂದು ನೂಕು ನೂಕಿದ, ನಾನು ಗೋಡೆಗೆ ತಾಗಿದೆ. ಒಳಗೆ ಮಾತ್ರ ಅದೇ ಗದ್ದ, ಅದೇ ಅಂಗೈ. ಈ ಸಲ ಸಹಾಯಕ ಬಾಗಿಲ ಹಿಂದಿನಿಂದ ಹೊರಗೆ ಬಂದು, "ನಾನೊಂದು ಸಲ ಕೈ ಹಿಡಿಯಲಾ ಅಣ್ಣಾ?" ಎಂದು ಕೇಳಿದ. ಹಿಡಿದ. ಭೀಮ ಅವನ ಕೈ ಮೂಸಿ, ಈಲಿ ಇಲ್ಲ ಅಂತ ಗೊತ್ತಾಗಿ ನನ್ನ ಕಡೆಗೇ ತಿರುಗಿದ.